ಬಾಯಿಯ ಅಚ್ಚು, ಅಚ್ಚಿನ ಆಯುಷ್ಯ

ದಂತವೈದ್ಯರು ತೆಗೆಯುವ ‘ಅಳತೆ’ ಎಂದರೆ ಹಲ್ಲು, ವಸಡು, ಅಂಗುಳಗಳ ಅಚ್ಚು. ಮೆತ್ತನೆಯ ವಸ್ತುವನ್ನು ಟ್ರೇಗೆ ತುಂಬಿ ಬಾಯಲ್ಲಿ ಒತ್ತಿ ಹಿಡಿದು, ಗಟ್ಟಿಯಾದ ಮೇಲೆ ತೆಗೆದರೆ ಹಲ್ಲಿದ್ದ ಕಡೆ ಗುಳಿ ಮೂಡಿರುತ್ತದೆ. ಅದಕ್ಕೆ ಜಿಪ್ಸಮ್ ಪುಡಿ ಕಲಸಿ ಸುರಿದರೆ ಬಾಯಿಯ ಪಡಿಯಚ್ಚು ಸಿದ್ಧ. ಹಲ್ಲುಸೆಟ್ಟಾಗಲಿ ಕ್ಯಾಪಾಗಲಿ ತಯಾರಾಗುವುದು ಈ ಪಡಿಯಚ್ಚಿನ ಮೇಲೆ. ಲ್ಯಾಬಿನ ತಂತ್ರಜ್ಞರು ಸಾಮಾನ್ಯವಾಗಿ ರೋಗಿಯ ಮುಖವನ್ನೂ ನೋಡಿರುವುದಿಲ್ಲ. ಅಚ್ಚಿನಲ್ಲಿ ನುಸುಳಿದ ತಪ್ಪು ಹಾಗೆಯೇ ಹಲ್ಲಿಗೆ ಇಳಿಯುತ್ತದೆ.

ಪ್ರಷ್ಯದ ದೊರೆ ಫ್ರೆಡರಿಕನ ದಂತವೈದ್ಯ ಫಿಲಿಪ್ ಫಾಫ್ 1756ರಲ್ಲೇ ಮೇಣದ ಅಚ್ಚಿಗೆ ಪ್ಲಾಸ್ಟರ್ ಸುರಿಯುವ ಕ್ರಮವನ್ನು ಬರೆದಿಟ್ಟಿದ್ದ. 19ನೇ ಶತಮಾನದಲ್ಲಿ ಪ್ಲಾಸ್ಟರನ್ನೇ ಬಾಯಿಗೆ ಇಡತೊಡಗಿದರು. ಹಲ್ಲಿನ ಉಬ್ಬುಗಳಿಗೆ ಸಿಕ್ಕಿಕೊಂಡರೆ ಅದನ್ನು ಒಡೆದು ತೆಗೆದು, ಚೂರುಗಳನ್ನು ಜೋಡಿಸಬೇಕಿತ್ತು. ಬಾಗಿ ಹೊರಬರುವ ವಸ್ತುವಾಗಿ 1920ರ ದಶಕದಲ್ಲಿ ಅಗರ್ ಬಂತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಅಗರ್ ಪೂರೈಕೆ ನಿಂತಾಗ ಕಂದು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಅದರ ಜಾಗಕ್ಕೆ ಬಂತು. ಅಗ್ಗವೂ ಸುಲಭವೂ ಆದ ಅದು ಇಂದಿಗೂ ಬಳಕೆಯಲ್ಲಿದೆ.

ಆಲ್ಜಿನೇಟ್ ಪುಡಿಗೆ ನೀರು ಬೆರೆಸಿದೊಡನೆ ಅದರಲ್ಲಿರುವ ಕ್ಯಾಲ್ಸಿಯಂ ಸಲ್ಫೇಟ್ ಕರಗಿ, ಮಿಶ್ರಣ ಹೆಪ್ಪುಗಟ್ಟಲು ಹೊರಡುತ್ತದೆ. ಪುಡಿಯಲ್ಲಿರುವ ಫಾಸ್ಫೇಟ್ ಲವಣ ಮೊದಲ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದುಕೊಳ್ಳುವುದರಿಂದ ವೈದ್ಯರಿಗೆ ಒಂದಿಷ್ಟು ಸಮಯ ಸಿಗುತ್ತದೆ. ನೀರು ಬೆಚ್ಚಗಿದ್ದಷ್ಟೂ ಈ ಸಮಯ ಕಡಿಮೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನಲ್ಲಿನೀರನ್ನು ನೇರವಾಗಿ ಬಳಸಿದರೆ ಟ್ರೇ ಬಾಯಿಗೆ ಹೋಗುವ ಮೊದಲೇ ಮಿಶ್ರಣ ಬಿಗಿಯಬಹುದು, ತಣ್ಣೀರೇ ಬೇಕು. ರಬ್ಬರ್ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಕಲಸಿ, ಬೆಣ್ಣೆಯ ಹದ ಬಂದಾಗ ಟ್ರೇಗೆ ತುಂಬುತ್ತಾರೆ.

ಮೇಲ್ದವಡೆಯ ಅಚ್ಚು ತೆಗೆಯುವಾಗ ಹಲವರಿಗೆ ವಾಕರಿಕೆ ಬರುತ್ತದೆ. ಅದಕ್ಕೆಂದೇ ಟ್ರೇಯ ಹಿಂಭಾಗವನ್ನು ಮೊದಲು ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನಿಂದ ಉಸಿರಾಡಲು ಹೇಳುತ್ತಾರೆ. ಹೆಪ್ಪುಗಟ್ಟಿದ ಮೇಲೆ ಒಂದೇ ಸಲಕ್ಕೆ ಎಳೆದು ತೆಗೆಯಬೇಕು. ಅಲುಗಾಡಿಸುತ್ತಾ ತೆಗೆದರೆ ಆಕಾರ ಕೆಡುತ್ತದೆ.

ನಿಜವಾದ ಪರೀಕ್ಷೆ ಇಲ್ಲಿಂದಾಚೆಗೆ. ಆಲ್ಜಿನೇಟಿನ ಬಹುಪಾಲು ನೀರೇ. ಗಾಳಿಗೆ ಬಿಟ್ಟರೆ ಅಚ್ಚು ಒಣಗಿ ಕುಗ್ಗುತ್ತದೆ, ನೀರಲ್ಲಿಟ್ಟರೆ ಉಬ್ಬುತ್ತದೆ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೂ ನಿಧಾನವಾಗಿ ನೀರು ಬಿಡುತ್ತದೆ. ಆದ್ದರಿಂದ ಜೊಲ್ಲು, ರಕ್ತ ತೊಳೆದು, ಸೋಡಿಯಂ ಹೈಪೋಕ್ಲೋರೈಟಿನಂಥ ದ್ರಾವಣದಿಂದ ಸೋಂಕು ಕಳೆದು ಬೇಗನೆ ಜಿಪ್ಸಮ್ ಸುರಿಯಬೇಕು. ಈ ಕೆಲವು ನಿಮಿಷಗಳ ಅವಸರ ಅನಗತ್ಯವೆಂದು ಕಾಣುವವರೂ ಇದ್ದಾರೆ. ಸಡಿಲವಾಗಿ ಕೂರುವ ಎಷ್ಟೋ ಹಲ್ಲುಸೆಟ್ಟುಗಳ ಮೂಲ ಆ ವಿಳಂಬದಲ್ಲೇ ಇರುತ್ತದೆ.

ಕ್ಯಾಪಿನ ಅಂಚಿಗೆ ಬೇಕಾದ ನವಿರನ್ನು ಆಲ್ಜಿನೇಟ್ ಹಿಡಿಯಲಾರದು. ಅಲ್ಲಿ ಸಿಲಿಕೋನ್ ಬೇಕು. ಕೈಯಲ್ಲಿ ನಾದುವ ಪುಟ್ಟಿಯ ಮೇಲೆ ತೆಳುವಾದ ಸಿಲಿಕೋನ್ ಹರಿಸಿ ಅಚ್ಚು ತೆಗೆಯುತ್ತಾರೆ. ಲೇಟೆಕ್ಸ್ ಕೈಗವಸಿನ ಗಂಧಕ ತಗುಲಿದರೆ ‘ಅಡಿಶನ್’ ಎಂಬ ಬಗೆಯ ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ. ಆದರೆ ಒಮ್ಮೆ ಗಟ್ಟಿಯಾದರೆ ಆಕಾರ ದಿನಗಟ್ಟಲೆ ನಿಲ್ಲುತ್ತದೆ, ಬೇರೆ ಊರಿನ ಲ್ಯಾಬಿಗೆ ಕೊರಿಯರಿನಲ್ಲಿ ಕಳಿಸಬಹುದು.

ಹಲ್ಲೇ ಇಲ್ಲದ ಬಾಯಿಗೆ ಎರಡು ಸಲ ಅಚ್ಚು. ಮೊದಲು ಬಿಸಿನೀರಿನಲ್ಲಿ ಮೆತ್ತಗಾಗುವ ಕಾಂಪೌಂಡ್. ಆ ಅಚ್ಚಿನ ಪಡಿಯಚ್ಚಿನ ಮೇಲೆ ಆ ಬಾಯಿಗೆಂದೇ ಮಾಡಿದ ಟ್ರೇ. ಅದರಂಚಿಗೆ ಕಾಂಪೌಂಡಿನ ಹಸಿರು ಕಡ್ಡಿ ಕರಗಿಸಿ, ತುಟಿ, ಕೆನ್ನೆ, ನಾಲಿಗೆ ಆಡಿಸಿ ಗಡಿ ಗುರುತಿಸಿ, ಕೊನೆಗೆ ಲವಂಗದೆಣ್ಣೆಯ ವಾಸನೆಯ ಝಿಂಕ್ ಆಕ್ಸೈಡ್ ಪೇಸ್ಟ್.

ಜಿಪ್ಸಮ್ ಕಲಸುವುದಕ್ಕೂ ಲೆಕ್ಕವಿದೆ: 100 ಗ್ರಾಂ ಪ್ಲಾಸ್ಟರಿಗೆ ಸುಮಾರು 50 ಮಿಲಿಲೀಟರ್ ನೀರು, ಗಟ್ಟಿ ಸ್ಟೋನ್ ಪುಡಿಗೆ 30. ಗಾಳಿಗುಳ್ಳೆ ಉಳಿಯದಂತೆ ಅಚ್ಚಿನ ಒಂದು ತುದಿಯಿಂದ, ಕಂಪನಯಂತ್ರದ ಮೇಲಿಟ್ಟು ಸುರಿಯುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಬಿಡಿಸಬಹುದು.

ಕೆಲಸ ಮುಗಿದ ಮೇಲೆ ಅಚ್ಚು ಕಸಕ್ಕೆ, ಉಳಿಯುವುದು ಪಡಿಯಚ್ಚು. ಕ್ಲಿಪ್ ಚಿಕಿತ್ಸೆಯಲ್ಲಿ ಮೊದಲಿನದೂ ಕೊನೆಯದೂ ಜೋಡಿಯಾಗಿ ಇರಲೇಬೇಕು. ಹಲ್ಲು ಎಷ್ಟು ಸರಿದಿದೆ ಎಂಬುದಕ್ಕೆ ಅವೇ ಸಾಕ್ಷಿ. ತಳಕ್ಕೆ ಹೆಸರು, ತಾರೀಕು ಬರೆದು ಪೆಟ್ಟಿಗೆಯಲ್ಲಿ ಹಾಕಿ ಒಣ ಜಾಗದಲ್ಲಿ ಇಡುತ್ತಾರೆ. ಜಿಪ್ಸಮ್ ನೀರಿನಲ್ಲಿ ತುಸು ಕರಗುವುದರಿಂದ ನಲ್ಲಿ ಕೆಳಗೆ ತೊಳೆಯಬಾರದು. ವರ್ಷಗಳು ಕಳೆದಂತೆ ಕಪಾಟುಗಳು ತುಂಬುತ್ತವೆ.

ಬಾಯೊಳಗೆ ಓಡಾಡಿಸುವ ಸ್ಕ್ಯಾನರ್ ಈ ತೊಡಕನ್ನು ತಗ್ಗಿಸಿದೆ: ಕಡತ ಕಂಪ್ಯೂಟರಿನಲ್ಲಿರುತ್ತದೆ, ಬೇಕಾದಾಗ ಮಾದರಿಯನ್ನು ಮುದ್ರಿಸಬಹುದು. ಆದರೆ ಹಲ್ಲಿಲ್ಲದ ನುಣುಪು ವಸಡಿನಲ್ಲಿ ಸ್ಕ್ಯಾನರಿಗೆ ಹಿಡಿಯಲು ಗುರುತುಗಳು ಕಡಿಮೆ, ಕೆನ್ನೆ ನಾಲಿಗೆಗಳ ಚಲನೆಯನ್ನು ದಾಖಲಿಸುವುದೂ ಕಷ್ಟ. ಹೀಗಾಗಿ ಪೂರ್ತಿ ಹಲ್ಲುಸೆಟ್ಟಿಗೆ ಕಾಂಪೌಂಡ್, ಹಸಿರು ಕಡ್ಡಿ, ಪೇಸ್ಟುಗಳ ಬಳಕೆ ಮುಂದುವರಿದೇ ಇದೆ.