ಕಪ್ಪು ಬಿಯರಿನಲ್ಲಿ ಬೇಯುವ ಐರಿಷ್ ಸ್ಟ್ಯೂ: ಕಹಿಯಾಗದಿರಲು ಏನು ಮಾಡಬೇಕು?

ಐರ್ಲೆಂಡಿನ ರೈತರ ಮನೆಯ ಮೂಲ ಸ್ಟ್ಯೂನಲ್ಲಿ ಬಿಯರ್ ಇರಲಿಲ್ಲ. ಉಣ್ಣೆ, ಹಾಲಿಗಾಗಿ ಸಾಕಿದ ಕುರಿ ಮುದಿಯಾದ ಮೇಲೆ ಅದರ ಗಟ್ಟಿ ಮಾಂಸವನ್ನು ಆಲೂಗಡ್ಡೆ, ಈರುಳ್ಳಿ, ನೀರಿನೊಡನೆ ಗಂಟೆಗಟ್ಟಲೆ ಬೇಯಿಸುತ್ತಿದ್ದರು. 'ಸ್ಟೌಟ್' ಎಂಬ ಕಪ್ಪು ಬಿಯರ್ ಸೇರಿದ್ದು ನಂತರದ ರೂಢಿ. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್‌ನಲ್ಲಿ ಆರಂಭಿಸಿದ ಬ್ರೂವರಿಯ ಸ್ಟೌಟ್ ಇವುಗಳಲ್ಲಿ ಹೆಸರುವಾಸಿ.

ಸ್ಟೌಟ್‌ನ ಕಪ್ಪು ಬಣ್ಣ ಹುರಿದ ಬಾರ್ಲಿಯದು. ಹುರಿದ ಕಾಫಿಬೀಜದಂಥ ಘಮ, ಕಹಿ ಎರಡೂ ಅದರಲ್ಲಿವೆ. ಕುದಿದಷ್ಟೂ ನೀರು ಇಂಗಿ ಕಹಿ ಹೆಚ್ಚುತ್ತದೆ. ಆದ್ದರಿಂದ ಬಿಯರಿನಷ್ಟೇ ಮೂಳೆ ಸಾರು ಬೆರೆಸಬೇಕು. ಸಿಹಿಗಾಗಿ ಈರುಳ್ಳಿ, ಕ್ಯಾರೆಟ್ ಧಾರಾಳವಾಗಿರಬೇಕು.

ಕುರಿಮರಿಯ ಭುಜದ ಮಾಂಸ 1 ಕಿಲೋ ತೆಗೆದುಕೊಂಡು, ತುಂಡುಗಳಿಗೆ ಉಪ್ಪು, ಮೈದಾ ಸವರಿ ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದಿಡಿ. ಅದೇ ಪಾತ್ರೆಯಲ್ಲಿ ಈರುಳ್ಳಿ ಬಾಡಿಸಿ, 400 ಮಿ.ಲೀ. ಸ್ಟೌಟ್ ಸುರಿದು, ತಳ ಹಿಡಿದದ್ದನ್ನು ಕೆರೆಯಿರಿ. ಮಾಂಸ, 400 ಮಿ.ಲೀ. ಸಾರು ಸೇರಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಒಂದೂಕಾಲು ಗಂಟೆ ಬೇಯಿಸಿ. ಬಳಿಕ ಕ್ಯಾರೆಟ್, ಆಲೂಗಡ್ಡೆ ಹಾಕಿ ಇನ್ನೂ 45 ನಿಮಿಷ ಬೇಯಿಸಿ. ಕುದಿ ಜೋರಾದರೆ ಮಾಂಸ ನಾರಾಗುತ್ತದೆ. ನಿಧಾನವಾಗಿ ಬೆಂದರೆ ಅದರಲ್ಲಿನ ಕೊಲಾಜನ್ ಕರಗಿ ಮಾಂಸ ಮೆತ್ತಗಾಗುತ್ತದೆ, ಸಾರು ಮಂದವಾಗುತ್ತದೆ.

ಬೆಂದ ಮೇಲೆ ಮದ್ಯಸಾರವೆಲ್ಲ ಆವಿಯಾಗುತ್ತದೆಂಬುದು ತಪ್ಪು ನಂಬಿಕೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಎರಡು ಗಂಟೆ ಬೇಯಿಸಿದರೂ ಸುಮಾರು ಶೇ. 10ರಷ್ಟು ಉಳಿಯುತ್ತದೆ. ಮದ್ಯ ವರ್ಜಿಸಿದವರು, ಮಕ್ಕಳು ಊಟಕ್ಕೆ ಕೂರುವುದಾದರೆ ಮೊದಲೇ ತಿಳಿಸಬೇಕು. ಇಲ್ಲವೇ ಹಳೆಯ ರೈತರಂತೆ ಬಿಯರ್ ಬಿಟ್ಟು ಬೇಯಿಸುವುದೇ ಲೇಸು.