ನೃಪತುಂಗನ ಕಾಲದ ಕಂಠಾಭರಣ

27994681 ಅನ್ನು 441ರಿಂದ ಗುಣಿಸಿ ನೋಡಿ. ಎರಡೂ ಸಂಖ್ಯೆಗಳಲ್ಲಿ ಕಣ್ಸೆಳೆಯುವಂಥದ್ದೇನೂ ಇಲ್ಲ. ಆದರೆ ಉತ್ತರ 12345654321! ಬಾಯಲ್ಲಿ ಹೇಳಿದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಬರೆದರೆ ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೇ ಇಳಿಯುತ್ತದೆ. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ.

ಸುಮಾರು 850ರಲ್ಲಿ ಈ ಲೆಕ್ಕ ಕೊಟ್ಟವರು ಮಹಾವೀರಾಚಾರ್ಯರು. ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಮಹಾವೀರರ ಸಂಸ್ಕೃತ ಕೃತಿ ‘ಗಣಿತಸಾರಸಂಗ್ರಹ’ದ ಪೀಠಿಕೆಯೂ ಅದೇ ಅರಸನನ್ನು ಸ್ತುತಿಸುತ್ತದೆ. ಅದರ ಗುಣಾಕಾರದ ಭಾಗದಲ್ಲಿ ಇಂಥ ಹಲವು ಲೆಕ್ಕಗಳಿವೆ. ಹೀಗೆ ಎರಡೂ ಬದಿ ಸರಿಹೊಂದುವ ಉತ್ತರಗಳನ್ನು ಅವರು ಕಂಠಾಭರಣವೆಂದು ಕರೆದರು.

ಈ ಸಂಖ್ಯೆಯ ಗುಟ್ಟು 111111ರಲ್ಲಿದೆ. ಅದನ್ನು ಅದರಿಂದಲೇ ಗುಣಿಸಲು ಕಾಗದದ ಮೇಲೆ ಬರೆಯಿರಿ. ಆರು ಸಾಲು, ಎಲ್ಲದರಲ್ಲೂ ಬರೀ ಒಂದುಗಳು, ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ. ಈಗ ಕೂಡಿಸಿ. ಬಲತುದಿಯಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ಆಮೇಲೆ ಮೂರು. ನಡುವಿನಲ್ಲಿ ಆರು, ಅಲ್ಲಿಂದಾಚೆಗೆ ಇಳಿಕೆ. ಎಲ್ಲೂ ದಶಕ ಬರುವುದಿಲ್ಲ. ಹಾಗಾಗಿ ಪ್ರತಿ ಸ್ಥಾನದ ಮೊತ್ತವೇ ಉತ್ತರದ ಅಂಕಿ.

ಹಾಗಾದರೆ 441 ಎಲ್ಲಿಂದ ಬಂತು? 111111 ಎಂದರೆ 111 ಗುಣಿಸು 1001. ಮೊದಲನೆಯದು 3 ಮತ್ತು 37ರ ಗುಣಲಬ್ಧ. ಎರಡನೆಯದು 7, 11, 13ರದು. ಇವುಗಳಲ್ಲಿ 3 ಮತ್ತು 7ನ್ನು ಮಾತ್ರ ಎತ್ತಿಕೊಂಡರೆ 21; ಅದರ ವರ್ಗವೇ 441. ಉಳಿದ 11, 13, 37 ಸೇರಿದರೆ 5291. ಅದರ ವರ್ಗ 27994681. ಎಂಥ ಜಾಣತನ! ಐದು ಅವಿಭಾಜ್ಯಗಳನ್ನು ಎರಡು ಪಾಲು ಮಾಡಿದ್ದರಿಂದ ಉತ್ತರದ ಸೊಗಸು ಪ್ರಶ್ನೆಯಲ್ಲಿ ಪೂರ್ತಿ ಅಡಗಿಹೋಯಿತು. ಅವರು ಉತ್ತರದಿಂದ ಹಿಂದಕ್ಕೆ ಬಂದು ಪ್ರಶ್ನೆ ಕಟ್ಟಿದ್ದಾರೆ ಎಂದೇ ನನ್ನ ನಂಬಿಕೆ. ಅವರದೇ ಇನ್ನೊಂದು ಲೆಕ್ಕ, 152207 ಗುಣಿಸು 73, ಈ ನಂಬಿಕೆಯನ್ನು ಗಟ್ಟಿಮಾಡುತ್ತದೆ. ಉತ್ತರ ಎಂಟು ಒಂದುಗಳು: 11111111. ಅದರ ಅಪವರ್ತನಗಳು 11, 73, 101, 137. ಇಲ್ಲಿ 73 ಒಂದನ್ನೇ ಹೊರಗಿಟ್ಟು ಉಳಿದ ಮೂರನ್ನು ಗುಣಿಸಲಾಗಿದೆ. ಕೈಗೆ ಸಿಕ್ಕ ಸಂಖ್ಯೆಗಳನ್ನು ಸುಮ್ಮನೆ ಗುಣಿಸುತ್ತಾ ಹೋದವರಿಗೆ ಇಂಥವು ಸಿಗುವುದು ಕಷ್ಟ.

12345654321ಕ್ಕೆ ಒಟ್ಟು 243 ಭಾಜಕಗಳಿವೆ. ಐದು ಅವಿಭಾಜ್ಯಗಳೂ ಎರಡೆರಡು ಸಲ ಇರುವುದರಿಂದ ಪ್ರತಿಯೊಂದಕ್ಕೂ ಮೂರು ಆಯ್ಕೆ: ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಮೂರನ್ನು ಐದು ಸಲ ಗುಣಿಸಿದರೆ 243.

ಒಂದುಗಳನ್ನು ಹೆಚ್ಚಿಸುತ್ತಾ ಹೋದರೂ ಈ ಏರಿಳಿತ ಒಂಬತ್ತರವರೆಗೆ ಕೆಡುವುದಿಲ್ಲ: 111111111ರ ವರ್ಗ 12345678987654321. ಹತ್ತು ಒಂದುಗಳಾದರೆ ನಡುಸ್ಥಾನದ ಮೊತ್ತ ಹತ್ತಾಗಿ ದಶಕ ಎಡಕ್ಕೆ ದಾಟುತ್ತದೆ. ಆಗ ಬರುವುದು 1234567900987654321. ಏರುವ ದಾರಿಯಲ್ಲಿ ಎಂಟು ಕಾಣೆಯಾಗಿರುತ್ತದೆ.