ಮದುವೆ ಒಂದು, ಸಂಭ್ರಮ ಎರಡು: ನಿಜವಾದ ಮುಹೂರ್ತ ಯಾವುದು?

ಪುಣೆ: ಊರಿನಲ್ಲಿ ಧಾರೆ, ಪುಣೆಯಲ್ಲಿ ಆರತಕ್ಷತೆ. ಹೊರನಾಡ ಕನ್ನಡಿಗರಿಗೆ ಎರಡು ಬಾರಿ ಮದುವೆಯೂಟ ಬಡಿಸುವುದು ಹೊಸತೇನಲ್ಲ. ಉಡುಪಿಯಲ್ಲೋ ವಿಜಯಪುರದಲ್ಲೋ ಬಂಧುಬಳಗದ ಸಮ್ಮುಖದಲ್ಲಿ ಮದುವೆ ಮುಗಿಸಿ ಬಂದು, ಇಲ್ಲಿನ ಹಿತೈಷಿಗಳನ್ನು ಕರೆದು ಸತ್ಕರಿಸಿದವರು ಎಲ್ಲ ಸಂಘಗಳಲ್ಲೂ ಇದ್ದಾರೆ. ಅದರಲ್ಲಿ ಮದುವೆ ಯಾವುದು, ಔತಣ ಯಾವುದು ಎಂಬ ಸಂಶಯ ಯಾರಿಗೂ ಬಂದದ್ದಿಲ್ಲ.

ಈಗ ಕ್ರಮ ತಿರುವುಮುರುವಾಗುತ್ತಿದೆ. ಕೊಂಢವಾ, ಉಂಡ್ರಿ, ಪಿಸೋಳಿಯಂಥ ಬಡಾವಣೆಗಳಲ್ಲಿ ನೆಲೆಸಿ ಹಡಪ್ಸರ್, ಮಗರಪಟ್ಟಾದ ಕಂಪೆನಿಗಳಿಗೆ ಹೋಗಿಬರುವ ಮಕ್ಕಳಿಗೆ ವಿದೇಶದ ಅವಕಾಶ ದಿಢೀರನೆ ಒದಗುತ್ತದೆ. ಸಂಗಾತಿಯ ವೀಸಾಕ್ಕೆ ವಿವಾಹ ಪ್ರಮಾಣಪತ್ರ ಬೇಕು. ಆದರೆ ಆಷಾಢ ಕಳೆಯಬೇಕು, ಸಭಾಗೃಹ ಸಿಗಬೇಕು, ಊರಿನ ಹಿರಿಯರು ಬರಬೇಕು. ಹೀಗಾಗಿ ಮೊದಲು ಕಾಗದ, ಕೆಲವು ತಿಂಗಳ ಬಳಿಕ ಮಾಂಗಲ್ಯ ಎಂಬ ಏರ್ಪಾಡು. ಎರಡನೆಯ ಸಂಭ್ರಮದಲ್ಲಿ ತಪ್ಪೇನೂ ಇಲ್ಲ. ಅದೇ ದಂಪತಿ ಮತ್ತೊಮ್ಮೆ ಹಾರ ಬದಲಾಯಿಸಿಕೊಂಡರೆ ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಮೊದಲು ಪಡೆದ ಕಾಗದ ಯಾವ ಕಾಯ್ದೆಯದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಣ್ತೆರೆಸಿದ ತೀರ್ಪು

ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರ ಏಪ್ರಿಲ್‌ನಲ್ಲಿ ನೀಡಿದ ತೀರ್ಪು ಇಲ್ಲಿ ಗಮನಾರ್ಹ. ವಿಮಾನ ಚಾಲಕರಾಗಿ ತರಬೇತಿ ಪಡೆದ ಯುವಕ ಯುವತಿ 2021ರ ಜುಲೈಯಲ್ಲಿ ಸಂಸ್ಥೆಯೊಂದರಿಂದ ಪತ್ರ ಪಡೆದು, ಅದರ ಆಧಾರದಲ್ಲಿ ಮದುವೆಯನ್ನು ನೋಂದಾಯಿಸಿದ್ದರು. ಶಾಸ್ತ್ರೋಕ್ತ ಸಮಾರಂಭ 2022ರ ಅಕ್ಟೋಬರ್‌ಗೆ ನಿಗದಿಯಾಗಿತ್ತು. ಅಷ್ಟರಲ್ಲಿ ಮನಸ್ತಾಪ ಬಂದು, ವಿಚ್ಛೇದನದ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ವಿಧಿವಿಧಾನಗಳು ನಡೆಯದೇ ಇದ್ದುದರಿಂದ ಅವರು ದಂಪತಿಯೇ ಆಗಿರಲಿಲ್ಲ ಎಂದು ನ್ಯಾಯಾಲಯ ಸಾರಿತು. ವೀಸಾದಂಥ ಅನುಕೂಲಕ್ಕಾಗಿ ಮುಂಚಿತವಾಗಿ ನೋಂದಣಿ ಮಾಡಿಸುವ ಪರಿಪಾಠವನ್ನೂ ಅದು ಒಪ್ಪಲಿಲ್ಲ. ಮದುವೆಯೆಂದರೆ ಹಾಡು ಕುಣಿತ, ಊಟೋಪಚಾರಗಳ ಕಾರ್ಯಕ್ರಮವಷ್ಟೇ ಅಲ್ಲ ಎಂದೂ ಎಚ್ಚರಿಸಿತು.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ ವಧು ಅಥವಾ ವರ, ಯಾರಾದರೊಬ್ಬರ ಕಡೆಯ ಸಂಪ್ರದಾಯದಂತೆ ವಿಧಿ ನಡೆಯಬೇಕು. ಸಪ್ತಪದಿ ಇರುವಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. 8ನೇ ಕಲಮಿನ ನೋಂದಣಿ ನಡೆದ ಮದುವೆಗೆ ಪುರಾವೆ ಮಾತ್ರ. ಪಾಸ್‌ಬುಕ್ಕಿನಲ್ಲಿ ನಮೂದಾದರೆ ಸಾಲದು, ಹಣ ಖಾತೆಗೆ ಜಮೆಯಾಗಿರಬೇಕಲ್ಲವೇ? ಇದೂ ಹಾಗೆಯೇ.

ಮೂವತ್ತು ದಿನಗಳ ದಾರಿ

ಮೊದಲು ಕಾಗದವೇ ಬೇಕೆನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಜಾತಿ, ಧರ್ಮ ಯಾವುದಾದರೂ ಸರಿ. ವಧೂವರರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟೀಸು ಕೊಡಬೇಕು. ಅದು ಪ್ರಕಟವಾಗಿ 30 ದಿನ ಕಳೆದ ಮೇಲೆ, ಆಕ್ಷೇಪಣೆ ಇಲ್ಲದಿದ್ದರೆ, ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟೀಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸ ನೋಟೀಸು ಬೇಕು. ಇಲ್ಲಿ ಅಧಿಕಾರಿಯ ಎದುರು ಪರಸ್ಪರ ಸ್ವೀಕರಿಸಿದ ಕ್ಷಣವೇ ಮುಹೂರ್ತ. ಆ ಮಾತನ್ನು ವಧೂವರರಿಗೆ ಅರ್ಥವಾಗುವ ಯಾವ ಭಾಷೆಯಲ್ಲೂ ಹೇಳಬಹುದು, ಕನ್ನಡದಲ್ಲೂ! ಹೆಚ್ಚುವರಿ ಶುಲ್ಕ ತೆತ್ತರೆ ಕಚೇರಿಯಿಂದ ಸಮಂಜಸ ದೂರದಲ್ಲಿರುವ ಬೇರೆ ಸ್ಥಳದಲ್ಲೂ, ಇಷ್ಟವಾದ ವಿಧಾನದಲ್ಲೂ ಮದುವೆಯಾಗಲು ಈ ಕಾಯ್ದೆ ಅವಕಾಶ ಕೊಟ್ಟಿದೆ ಎಂಬುದು ಹಲವರಿಗೆ ತಿಳಿದಿಲ್ಲ.

ನಡುವಿನ ತಿಂಗಳುಗಳು

ಹೀಗೆ ಮದುವೆಯಾದವರು ಛತ್ರದ ದಿನದವರೆಗೆ 'ನಿಶ್ಚಿತಾರ್ಥವಷ್ಟೇ ಆಗಿದೆ' ಎಂದುಕೊಂಡರೆ ಪೆಟ್ಟು ತಿನ್ನಬೇಕಾದೀತು. ನಡುವೆ ಸಂಬಂಧ ಮುರಿದರೆ ಉಂಗುರ ಹಿಂದಿರುಗಿಸಿದರೆ ಮುಗಿಯದು, ನ್ಯಾಯಾಲಯದ ವಿಚ್ಛೇದನವೇ ಬೇಕು. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ಆ ಅರ್ಜಿಯನ್ನು ಸಾಮಾನ್ಯವಾಗಿ ಹಾಕುವಂತೆಯೂ ಇಲ್ಲ. ವಿಚ್ಛೇದನವಿಲ್ಲದೆ ಬೇರೆಯವರನ್ನು ವರಿಸಿದರೆ ಅದು ಅಪರಾಧ. ಇನ್ನೊಂದೆಡೆ, ದುರದೃಷ್ಟವಶಾತ್ ಇಬ್ಬರಲ್ಲೊಬ್ಬರು ತೀರಿಕೊಂಡರೆ ಉಳಿದವರ ಹಕ್ಕು ಕಚೇರಿಯ ದಿನದಿಂದಲೇ ಲೆಕ್ಕ. ವಿಧಿಯೇ ನಡೆಯದೆ ಹಿಂದೂ ಕಾಯ್ದೆಯ ಕಾಗದ ಪಡೆದವರಿಗೆ ಆ ಆಸರೆಯೂ ಗಟ್ಟಿಯಲ್ಲ. ಪಾಸ್‌ಪೋರ್ಟ್, ವಿಮೆ, ಬ್ಯಾಂಕ್ ಅರ್ಜಿಗಳಲ್ಲಿ ವಿವಾಹದ ದಿನಾಂಕವೆಂದು ಪ್ರಮಾಣಪತ್ರದಲ್ಲಿರುವ ದಿನವನ್ನೇ ಬರೆಯಬೇಕೇ ಹೊರತು ಲಗ್ನಪತ್ರಿಕೆಯ ದಿನವನ್ನಲ್ಲ.

ಮುಚ್ಚುಮರೆ ಏಕೆ?

ಫ್ರಾನ್ಸ್‌ನಲ್ಲಿ ಮೊದಲು ಪುರಭವನದಲ್ಲಿ ಕಾನೂನಿನ ಮದುವೆ, ಆಮೇಲೆಯೇ ಚರ್ಚಿನ ವಿಧಿ. ಅಲ್ಲಿ ಅದನ್ನು ಯಾರೂ ಅಡಗಿಸುವುದಿಲ್ಲ. ನಮ್ಮಲ್ಲಿ ಮಾತ್ರ ಅಜ್ಜಿ ಬೇಸರಿಸಿಯಾರು, ಬೀಗರು ಏನೆಂದಾರು ಎಂಬ ಅಂಜಿಕೆ. ಆದರೆ ಊರಿನಿಂದ ರಾತ್ರಿ ಬಸ್ಸು ಹಿಡಿದು ಅಕ್ಷತೆ ಹಾಕಲು ಬರುವ ಹಿರಿಯರು ಕಾಗದ ನೋಡಲು ಬರುವವರಲ್ಲ, ಹರಸಲು ಬರುವವರು. ನೋಂದಣಿಯ ದಿನ ತಂದೆತಾಯಿಯರೇ ಸಾಕ್ಷಿಗಳಾಗಿ ನಿಂತು, ಸಂಜೆ ಊರಿಗೆ ಫೋನು ಮಾಡಿ ವಿಷಯ ತಿಳಿಸಿದರೆ ಎರಡನೆಯ ಸಂಭ್ರಮದ ಸೊಬಗು ಕುಂದದು, ಮತ್ತೊಬ್ಬರ ಬಾಯಿಂದ ಕೇಳಿ ನೊಂದುಕೊಳ್ಳುವ ಪ್ರಸಂಗವೂ ಬಾರದು.

ಮಕ್ಕಳ ಮದುವೆ ಗೊತ್ತುಮಾಡುವ ಸಮಾಜ ಬಾಂಧವರು ಛತ್ರ ಕಾಯ್ದಿರಿಸುವ ಮೊದಲೇ ಯಾವ ಕಾಯ್ದೆ, ಯಾವ ದಿನ ಎಂಬುದನ್ನು ಎರಡೂ ಮನೆಯವರು ಕುಳಿತು ಇತ್ಯರ್ಥ ಮಾಡಿಕೊಳ್ಳುವುದು ಒಳಿತು. ಊಟ ಎರಡು ಬಾರಿ ಬಡಿಸಲಿ, ಮದುವೆ ಮಾತ್ರ ಒಮ್ಮೆ ಗಟ್ಟಿಯಾಗಿ ಆಗಲಿ.